ದೂರದ ಓಟಗಾರರು ಬಾರ್ಬೆಲ್‌ಗೆ ಹೆದರಿದ್ದೇಕೆ?

ಭಾರ ಎತ್ತಿದರೆ ಮೈ ದಪ್ಪವಾಗುತ್ತದೆ, ಓಟ ಕೆಡುತ್ತದೆ ಎಂಬ ಅಂಜಿಕೆ ಮ್ಯಾರಥಾನ್ ಓಡುವವರಲ್ಲಿ ಇಂದಿಗೂ ಇದೆ. ಈ ಅಂಜಿಕೆಗೆ ಆಧಾರವಾಗಿ ಹೇಳುವ 1980ರ ಪ್ರಯೋಗವನ್ನು ಓಟಗಾರರು ತಲೆಕೆಳಗಾಗಿ ಓದಿಕೊಂಡರು ಎಂದೇ ನನ್ನ ವಾದ.

ಆ ಪ್ರಯೋಗ ನಡೆಸಿದ ಅಮೆರಿಕದ ರಾಬರ್ಟ್ ಹಿಕ್ಸನ್ ಸ್ವತಃ ಪವರ್‌ಲಿಫ್ಟರ್. ತಮ್ಮ ಮಾರ್ಗದರ್ಶಕ ಜಾನ್ ಹೊಲೊಸಿ ಅವರೊಂದಿಗೆ ದಿನವೂ ಓಡತೊಡಗಿದ ಮೇಲೆ ಅವರ ಬಲ ಕುಗ್ಗಿತು. ಹೀಗೇಕೆ ಎಂದು ತಿಳಿಯಲು ಅವರು ಮೂರು ಗುಂಪುಗಳಿಗೆ 10 ವಾರ ತರಬೇತಿ ಕೊಟ್ಟರು. ಒಂದು ಗುಂಪಿಗೆ ಭಾರ, ಇನ್ನೊಂದಕ್ಕೆ ಓಟ ಮತ್ತು ಸೈಕಲ್, ಮೂರನೆಯದಕ್ಕೆ ಎರಡೂ. ಮೂರನೆಯ ಗುಂಪಿನವರ ಬಲ ಏಳೆಂಟು ವಾರ ಏರಿ, ನಂತರ ಇಳಿಯಿತು. ಅವರ ಆಮ್ಲಜನಕ ಬಳಕೆಯ ಸಾಮರ್ಥ್ಯಕ್ಕೆ ಮಾತ್ರ ಯಾವ ಕುಂದೂ ಬರಲಿಲ್ಲ. ನಷ್ಟವಾದದ್ದು ಭಾರ ಎತ್ತುವವನಿಗೆ. ಹೆದರಿ ಕುಳಿತದ್ದು ಓಟಗಾರ!

1988ರಲ್ಲಿ ಹಿಕ್ಸನ್ ತಂಡವೇ ಮತ್ತೊಂದು ಪ್ರಯೋಗ ನಡೆಸಿತು. ಮೊದಲೇ ಪಳಗಿದ ಓಟಗಾರರು ಮತ್ತು ಸೈಕಲ್ ಸವಾರರಿಗೆ 10 ವಾರ ಭಾರ ಎತ್ತಿಸಿದಾಗ, ದಣಿಯುವವರೆಗೆ ಸೈಕಲ್ ತುಳಿಯುವ ಅವಧಿ 71 ನಿಮಿಷದಿಂದ 85ಕ್ಕೆ ಏರಿತು. 1999ರಲ್ಲಿ ಫಿನ್ಲೆಂಡ್‌ನ ಲೀನಾ ಪಾವೊಲೈನೆನ್ ಮತ್ತು ಸಂಗಡಿಗರು, ಓಟಗಾರರ ಒಟ್ಟು ತರಬೇತಿ ಸಮಯದಲ್ಲೇ ಸುಮಾರು ಮೂರನೆಯ ಒಂದು ಪಾಲನ್ನು ಜಿಗಿತ, ಸ್ಪ್ರಿಂಟ್‌ನಂಥ ಸ್ಫೋಟಕ ವ್ಯಾಯಾಮಕ್ಕೆ ಕೊಟ್ಟರು. 9 ವಾರಗಳಲ್ಲಿ 5 ಕಿ.ಮೀ. ಓಟ ಚುರುಕಾಯಿತು. ನಾರ್ವೆಯಲ್ಲಿ ವಾರಕ್ಕೆ ಮೂರು ದಿನ, ನಾಲ್ಕೇ ಸಲ ಎತ್ತಲಾಗುವಷ್ಟು ಭಾರ ಹೊತ್ತು ಅರ್ಧ ಬಸ್ಕಿ ಹೊಡೆದವರು, 8 ವಾರಗಳ ಬಳಿಕ ಅದೇ ವೇಗದ ಓಟಕ್ಕೆ ಶೇ 5ರಷ್ಟು ಕಡಿಮೆ ಆಮ್ಲಜನಕ ಬಳಸಿದರು. 2008ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ದೇಹತೂಕ ಹೆಚ್ಚಲೇ ಇಲ್ಲ.

ಈ ಲಾಭ ಶ್ವಾಸಕೋಶವೋ ಹೃದಯವೋ ದೊಡ್ಡದಾಗಿ ಬರುವುದಲ್ಲ. ಸ್ನಾಯುವನ್ನು ಮೂಳೆಗೆ ಬೆಸೆಯುವ ಸ್ನಾಯುರಜ್ಜು ಬಿಗಿಯಾಗಿ, ಹೆಜ್ಜೆ ಊರಿದಾಗ ಹಿಡಿದಿಟ್ಟ ಶಕ್ತಿಯಲ್ಲಿ ಹೆಚ್ಚು ಪಾಲನ್ನು ಮರಳಿಸುತ್ತದೆ. ಕಾಲು ಗಟ್ಟಿಯಾದಷ್ಟೂ ಪ್ರತಿ ಹೆಜ್ಜೆಗೆ ಬೇಕಾದ ಬಲ ಅದರ ಗರಿಷ್ಠ ಬಲದ ಸಣ್ಣ ಪಾಲಾಗುತ್ತದೆ.

ಹೊಟ್ಟೆ, ಸೊಂಟ, ಬೆನ್ನನ್ನು ಗಟ್ಟಿಮಾಡುವ ಕೋರ್ ವ್ಯಾಯಾಮದ ಕಥೆಯೇ ಬೇರೆ. ಅದರ ಬೇರು ಇರುವುದು ಬೆನ್ನುನೋವಿನ ಚಿಕಿತ್ಸೆಯಲ್ಲಿ. ನೋವಿರುವವರಲ್ಲಿ ಹೊಟ್ಟೆಯ ಒಳಪದರದ ಸ್ನಾಯು ತಡವಾಗಿ ಬಿಗಿಯುತ್ತದೆಂದು 1996ರಲ್ಲಿ ಆಸ್ಟ್ರೇಲಿಯಾದ ಹಾಜಸ್ ಮತ್ತು ರಿಚರ್ಡ್‌ಸನ್ ತೋರಿಸಿದರು. ನೋವಿದ್ದವರ ಆ ಫಲಿತಾಂಶ, ನೋವಿಲ್ಲದ ಓಟಗಾರರು ಮೊಣಕೈ ಊರಿ ಮೈಯನ್ನು ನೇರವಾಗಿ ಹಿಡಿಯುವ ಪ್ಲ್ಯಾಂಕ್‌ಗೂ ಸಮರ್ಥನೆಯಾಯಿತು. ಮುಂದೆ 2004ರಲ್ಲಿ ಅದೇ ದೇಶದ ಇನ್ನೊಂದು ಅಧ್ಯಯನದಲ್ಲಿ, ಗಾಳಿ ತುಂಬಿದ ದೊಡ್ಡ ಸ್ವಿಸ್ ಬಾಲ್ ಮೇಲೆ ಕಸರತ್ತು ಮಾಡಿದ ಯುವಕರ ನಡು ಸ್ಥಿರವಾಯಿತಾದರೂ ಓಟದ ಮಿತವ್ಯಯ, ಅಂದರೆ ಅದೇ ವೇಗಕ್ಕೆ ಕಡಿಮೆ ಆಮ್ಲಜನಕ ಬಳಸುವ ಗುಣ, ಸುಧಾರಿಸಲಿಲ್ಲ. ಲಾಭ ಕಂಡ ಸಣ್ಣ ಅಧ್ಯಯನಗಳೂ ಇವೆ, ನಿಜ. ಆದರೂ ವಾರಕ್ಕೆ ಎರಡೇ ಗಂಟೆ ಬಿಡುವಿರುವ ಓಟಗಾರರು ಅದನ್ನು ಮೊದಲು ಭಾರದ ಬಸ್ಕಿಗೇ ಕೊಡಲಿ ಎನ್ನುತ್ತೇನೆ.