ಟೈಪ್-ಸಿ ಹಬ್: ಪೋರ್ಟ್ ಎಣಿಸುವ ಮುನ್ನ ನೋಡಬೇಕಾದದ್ದು

ಕಾಫಿ ತೋಟದ ಆಫೀಸಿನ ಲ್ಯಾಪ್‌ಟಾಪ್‌ಗೆ ಪ್ರಿಂಟರ್, ಡಿಜಿಟಲ್ ಸಹಿಯ ಟೋಕನ್, ಬ್ಯಾಕಪ್‌ಗೆ ಹಾರ್ಡ್ ಡಿಸ್ಕ್ ಬೇಕು. ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ದುಡಿಯುವವರಿಗೆ ಮಾನಿಟರ್, ಲ್ಯಾನ್ ಕೇಬಲ್ ಬೇಕು. ತೆಳುವಾದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಎರಡೋ ಮೂರೋ ಪೋರ್ಟ್. ಅಂಗಡಿಗೆ ಹೋದರೆ 7 ಪೋರ್ಟಿನದು, 11 ಪೋರ್ಟಿನದು ಎಂದು ಹಬ್‌ಗಳ ಸಾಲೇ ಇರುತ್ತದೆ. ಆದರೆ ಹಬ್ ತಾನಾಗಿ ಏನನ್ನೂ ಹುಟ್ಟಿಸುವುದಿಲ್ಲ. ಲ್ಯಾಪ್‌ಟಾಪಿನ ಒಂದೇ ಪೋರ್ಟ್ ಕೊಡುವ ವಿದ್ಯುತ್ತು ಮತ್ತು ವೇಗವನ್ನು ಹಂಚುತ್ತದೆ, ಅಷ್ಟೆ. ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಿಸುವವರಿಗೆ ಈ ಲೆಕ್ಕ ಹೊಸದಲ್ಲ: ಪಂಪು ಒಂದೇ ಇದ್ದಾಗ ಜೆಟ್ ಹೆಚ್ಚಿಸಿದಷ್ಟೂ ನೀರಿನ ಎಸೆತ ಕುಗ್ಗುತ್ತದೆ.

ಮೊದಲು ನೋಡಬೇಕಾದದ್ದು ನಿಮ್ಮ ಲ್ಯಾಪ್‌ಟಾಪನ್ನು. ಟೈಪ್-ಸಿ ಎನ್ನುವುದು ಪೋರ್ಟಿನ ಆಕಾರ ಮಾತ್ರ. ಒಳಗಿನ ಸಾಮರ್ಥ್ಯ ಬೇರೆ ಬೇರೆ. ಪೋರ್ಟಿನ ಪಕ್ಕದಲ್ಲಿ ಡಿಸ್‌ಪ್ಲೇಪೋರ್ಟ್ ಗುರುತೋ ಥಂಡರ್‌ಬೋಲ್ಟ್‌ನ ಮಿಂಚಿನ ಗುರುತೋ ಇದ್ದರೆ ಅದರಿಂದ ಮಾನಿಟರ್‌ಗೆ ಚಿತ್ರ ಬರುತ್ತದೆ. ಗುರುತಿಲ್ಲದಿದ್ದರೆ ಮಾಡೆಲ್ ನಂಬರ್ ಹಾಕಿ ತಯಾರಕರ ವಿವರಪಟ್ಟಿ ನೋಡಿ. ಡೇಟಾಕ್ಕೆ ಮಾತ್ರ ಇರುವ ಪೋರ್ಟಿಗೆ ಸಾಮಾನ್ಯ ಹಬ್ ಎಷ್ಟೇ ದುಬಾರಿಯದು ಹಾಕಿದರೂ ಎಚ್‌ಡಿಎಂಐ ಪರದೆ ಕಪ್ಪಾಗಿಯೇ ಇರುತ್ತದೆ.

ಇನ್ನು ವಿದ್ಯುತ್ತು. ಯುಎಸ್‌ಬಿ 2.0 ಪೋರ್ಟ್ 5 ವೋಲ್ಟ್‌ನಲ್ಲಿ 500 ಮಿಲಿಆಂಪಿಯರ್, 3.0 ಪೋರ್ಟ್ 900 ಮಿಲಿಆಂಪಿಯರ್ ಕೊಡಬೇಕೆಂಬುದು ನಿಯಮ. ಟೈಪ್-ಸಿ ಪೋರ್ಟ್ 3 ಆಂಪಿಯರ್‌ವರೆಗೆ, ಅಂದರೆ 15 ವ್ಯಾಟ್ ಕೊಡಬಲ್ಲದು. ಎಲ್ಲ ಲ್ಯಾಪ್‌ಟಾಪ್‌ಗಳೂ ಅಷ್ಟು ಕೊಡುವುದಿಲ್ಲ. ಅದರಲ್ಲೇ ಹಬ್ಬಿನೊಳಗಿನ ಎಚ್‌ಡಿಎಂಐ ಮತ್ತು ಲ್ಯಾನ್ ಚಿಪ್‌ಗಳೂ ಪಾಲು ಪಡೆಯುತ್ತವೆ. ತಿರುಗುವ ತಟ್ಟೆಯ 2.5 ಇಂಚಿನ ಹಾರ್ಡ್ ಡಿಸ್ಕ್ ಶುರುವಾಗುವ ಕ್ಷಣದಲ್ಲಿ ಹತ್ತಿರ ಹತ್ತಿರ 1 ಆಂಪಿಯರ್ ಎಳೆಯಬಹುದು. ವಿದ್ಯುತ್ತು ಸಾಲದಾದಾಗ ಡಿಸ್ಕ್ ಟಕ್ ಟಕ್ ಎನ್ನುತ್ತದೆ, ಪರದೆಯಲ್ಲಿ ಕಾಣಿಸಿಕೊಂಡು ಮಾಯವಾಗುತ್ತದೆ. ಡಿಸ್ಕ್ ಕೆಟ್ಟಿತೆಂದು ಎಸೆಯಬೇಡಿ. ನೇರವಾಗಿ ಲ್ಯಾಪ್‌ಟಾಪ್‌ಗೆ ಹಾಕಿ ನೋಡಿ. ಅಂಥ ಎರಡು ಡಿಸ್ಕ್ ಒಟ್ಟಿಗೆ ಬೇಕಿದ್ದರೆ ತನ್ನದೇ ಅಡಾಪ್ಟರ್ ಇರುವ ಹಬ್ಬೇ ಸರಿ.

ಹಬ್ಬಿನ ಮೂಲಕ ಲ್ಯಾಪ್‌ಟಾಪ್ ಚಾರ್ಜ್ ಮಾಡುವುದಾದರೆ ಪೆಟ್ಟಿಗೆಯ ಮೇಲಿನ '100 ವ್ಯಾಟ್' ಅಕ್ಷರಕ್ಕೆ ಮರುಳಾಗಬೇಡಿ. ಸಾಮಾನ್ಯವಾಗಿ ಅದು ಹಬ್ ಒಳಗೆ ತೆಗೆದುಕೊಳ್ಳಬಲ್ಲ ಗರಿಷ್ಠ ಮಿತಿ. ಅದರಲ್ಲಿ 10ರಿಂದ 15 ವ್ಯಾಟ್ ಹಬ್ ತನಗೆ ಇಟ್ಟುಕೊಳ್ಳುತ್ತದೆ. 65 ವ್ಯಾಟ್ ಚಾರ್ಜರ್ ಹಾಕಿದರೆ ಲ್ಯಾಪ್‌ಟಾಪ್‌ಗೆ 50ರ ಆಸುಪಾಸು ಸಿಗುತ್ತದೆ. ಕೇಬಲ್ ಕೂಡ ಮುಖ್ಯ: 60 ವ್ಯಾಟ್ ದಾಟಬೇಕಾದರೆ 5 ಆಂಪಿಯರ್ ಹೊರುವ, ಒಳಗೆ ಗುರುತಿನ ಚಿಪ್ ಇರುವ ಕೇಬಲ್ ಬೇಕು. ಅದಿಲ್ಲದಿದ್ದರೆ ಚಾರ್ಜರ್ 3 ಆಂಪಿಯರ್‌ನಲ್ಲೇ ನಿಲ್ಲುತ್ತದೆ.

ಕೊಡಗಿನವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಕರೆಂಟ್ ಹೋಗಿ ಬರುವ ಕ್ಷಣ. ಮಳೆಗಾಲದಲ್ಲಿ ಮರ ತಂತಿಯ ಮೇಲೆ ಬೀಳುವುದು ಇಲ್ಲಿ ಮಾಮೂಲು. ಚಾರ್ಜರ್ ಹಬ್ಬಿಗೆ ಹಾಕಿದ್ದರೆ, ಅಷ್ಟೂ ಸಾಧನಗಳಿಗೆ ವಿದ್ಯುತ್ತು ಬರುತ್ತಿರುವುದು ಆ ಚಾರ್ಜರ್‌ನಿಂದ. ಕರೆಂಟ್ ಹೋದೊಡನೆ ಆ ಹೊಣೆ ಲ್ಯಾಪ್‌ಟಾಪ್‌ಗೆ ವರ್ಗವಾಗಬೇಕು. ಈ ಹಸ್ತಾಂತರ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಲೆಂದೇ 'ಫಾಸ್ಟ್ ರೋಲ್ ಸ್ವಾಪ್' ಎಂಬ ವ್ಯವಸ್ಥೆ ಇದೆ, ಆದರೆ ಹಬ್ ಮತ್ತು ಲ್ಯಾಪ್‌ಟಾಪ್ ಎರಡರಲ್ಲೂ ಅದು ಇರಬೇಕು. ಇಲ್ಲದಿದ್ದರೆ ಅರೆಕ್ಷಣ ಎಲ್ಲವೂ ಕಡಿದುಹೋಗುತ್ತದೆ: ಮಾನಿಟರ್ ಆರುತ್ತದೆ, ಮೀಟಿಂಗ್ ನಿಲ್ಲುತ್ತದೆ, ಹಾರ್ಡ್ ಡಿಸ್ಕ್‌ಗೆ ಬರೆಯುತ್ತಿದ್ದ ಫೈಲ್ ಅರ್ಧಕ್ಕೆ ನಿಂತು ಹಾಳಾಗಬಹುದು. ಕರೆಂಟ್ ಮರಳಿದಾಗ ಇನ್ನೊಮ್ಮೆ ಇದೇ ಪಾಡು. ಪರಿಹಾರಕ್ಕೆ ಖರ್ಚೇನೂ ಇಲ್ಲ: ಲ್ಯಾಪ್‌ಟಾಪಿನಲ್ಲಿ ಎರಡನೆಯ ಟೈಪ್-ಸಿ ಅಥವಾ ಬೇರೆ ಚಾರ್ಜಿಂಗ್ ಪಿನ್ ಇದ್ದರೆ ಚಾರ್ಜರನ್ನು ಅಲ್ಲಿಗೇ ಹಾಕಿ. ಆಗ ಹಬ್ ಯಾವಾಗಲೂ ಲ್ಯಾಪ್‌ಟಾಪಿನ ಬ್ಯಾಟರಿಯ ಆಸರೆಯಲ್ಲೇ ಇರುತ್ತದೆ, ಕರೆಂಟ್ ಹೋದದ್ದು ಅದಕ್ಕೆ ತಿಳಿಯುವುದೇ ಇಲ್ಲ. ಒಂದೇ ಪೋರ್ಟ್ ಇರುವವರು ಮನೆಯ ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದೆಯೇ ನೋಡಲಿ. ಆ ಮೋಡ್‌ನಲ್ಲಿ ಅದು ಬೇಗ ಬದಲಾಗುತ್ತದೆ.

ಮಾನಿಟರ್ ವಿಷಯದಲ್ಲಿ ಒಂದು ಕೊಡು-ಕೊಳ್ಳುವಿಕೆ ಇದೆ. ಟೈಪ್-ಸಿಯಲ್ಲಿ ವೇಗದ ದಾರಿಗಳು ನಾಲ್ಕು. ಹೆಚ್ಚಿನ ಹಬ್‌ಗಳು ಎರಡನ್ನು ಚಿತ್ರಕ್ಕೆ, ಎರಡನ್ನು ಡೇಟಾಕ್ಕೆ ಬಿಡುತ್ತವೆ. ಲ್ಯಾಪ್‌ಟಾಪಿನ ಡಿಸ್‌ಪ್ಲೇಪೋರ್ಟ್ ಆವೃತ್ತಿ 1.2 ಆಗಿದ್ದರೆ ಎರಡು ದಾರಿಯಲ್ಲಿ ಸಿಗುವುದು 4ಕೆ, ಸೆಕೆಂಡಿಗೆ 30 ಚಿತ್ರ. ಮೌಸ್ ಬಾಣ ಎಳೆದಂತೆ ಚಲಿಸುತ್ತದೆ, ಕಣ್ಣಿಗೆ ಆಯಾಸ. ಲ್ಯಾಪ್‌ಟಾಪ್, ಹಬ್ ಎರಡೂ 1.4 ಆಗಿದ್ದರೆ 60 ಚಿತ್ರ ಸಿಗುತ್ತದೆ. ಹಳೆಯ ಲ್ಯಾಪ್‌ಟಾಪಿಗೂ 60 ಕೊಡುತ್ತೇವೆನ್ನುವ ಕೆಲವು ಹಬ್‌ಗಳು ನಾಲ್ಕೂ ದಾರಿಗಳನ್ನು ಚಿತ್ರಕ್ಕೇ ಕೊಟ್ಟು ಯುಎಸ್‌ಬಿಯನ್ನು ಹಳೆಯ 2.0ರ 480 ಮೆಗಾಬಿಟ್ ವೇಗಕ್ಕೆ ಇಳಿಸಿಬಿಡುತ್ತವೆ. ಮಾನಿಟರ್ ಫುಲ್ ಎಚ್‌ಡಿ ಆಗಿದ್ದರೆ ಈ ಚಿಂತೆ ಬೇಡ.

ಲ್ಯಾನ್ ಪೋರ್ಟ್ 'ಗಿಗಾಬಿಟ್' ಎಂದು ಬರೆದಿರಲೇಬೇಕು. ಅಗ್ಗದ ಹಬ್‌ಗಳಲ್ಲಿ 100 ಮೆಗಾಬಿಟ್‌ನದೇ ಇರುತ್ತದೆ. ಇನ್ನು ಹಬ್ ಹಾಕಿದ ಮೇಲೆ ವೈರ್‌ಲೆಸ್ ಮೌಸ್ ತಡವರಿಸಿದರೆ ಮೌಸ್‌ದು ತಪ್ಪಲ್ಲ. ಯುಎಸ್‌ಬಿ 3.0 ಸಂಕೇತಗಳು 2.4 ಗಿಗಾಹರ್ಟ್ಸ್ ಸುತ್ತ ರೇಡಿಯೋ ಗದ್ದಲ ಹೊರಸೂಸುತ್ತವೆ. ಇಂಟೆಲ್ 2012ರಲ್ಲೇ ಇದನ್ನು ವಿವರಿಸಿದೆ. ಮೌಸಿನ ಡಾಂಗಲ್ ಅನ್ನು ಲ್ಯಾಪ್‌ಟಾಪಿನ ಇನ್ನೊಂದು ಬದಿಗೆ ಹಾಕಿ, ವೈ-ಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ.

ಏಪ್ರಿಲ್-ಮೇ ತಿಂಗಳ ಸಂಜೆಯ ಗುಡುಗು ಸಿಡಿಲಿಗೆ ಚಾರ್ಜರ್ ಕಿತ್ತರೆ ಸಾಲದು, ಲ್ಯಾನ್ ಕೇಬಲನ್ನೂ ಕೀಳಬೇಕು. ಫೈಬರ್ ತಂತಿ ವಿದ್ಯುತ್ತು ಹರಿಸುವುದಿಲ್ಲ ನಿಜ. ಆದರೆ ಫೈಬರ್ ಪೆಟ್ಟಿಗೆಯ ಅಡಾಪ್ಟರ್ ಗೋಡೆಯ ಪ್ಲಗ್‌ನಲ್ಲಿದೆ, ಅಲ್ಲಿಂದ ಹಬ್ಬಿಗೆ ಬರುವುದು ತಾಮ್ರ. ಮಳೆಗಾಲದ ತೇವದಲ್ಲಿ ಪಿನ್‌ಗಳು ಹಸಿರುಗಟ್ಟುತ್ತವೆ, ವಿದ್ಯುತ್ತು ಹರಿಯುತ್ತಿದ್ದರೆ ಇನ್ನೂ ಬೇಗ. ಕೆಲಸ ಮುಗಿದ ಮೇಲೆ ಹಬ್ ಕಿತ್ತು, ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.

ಕೊಂಡ ಹಬ್ಬನ್ನು ವಾಪಸ್ ಕೊಡುವ ಅವಧಿಯೊಳಗೇ ಪರೀಕ್ಷಿಸಿ. ಮಾನಿಟರ್, ಲ್ಯಾನ್, ಡಿಸ್ಕ್, ಚಾರ್ಜರ್ ಎಲ್ಲವನ್ನೂ ಒಟ್ಟಿಗೆ ಹಾಕಿ, ಒಂದು ಗಂಟೆ ಬಿಡಿ. ಲೋಹದ ಕವಚ ಬಿಸಿಯಾಗುವುದು ಸಹಜ, ಕೈಯಿಡಲಾಗದಷ್ಟು ಸುಡಬಾರದು. ಎಸ್‌ಎಸ್‌ಡಿಗೆ ದೊಡ್ಡ ಫೈಲ್ ಕಾಪಿ ಮಾಡಿ: ವೇಗ ಸೆಕೆಂಡಿಗೆ 40 ಮೆಗಾಬೈಟ್ ದಾಟದಿದ್ದರೆ ಆ ಪೋರ್ಟ್ 2.0 ವೇಗದಲ್ಲೇ ಓಡುತ್ತಿದೆ. ಕೊನೆಗೆ, ಬೇಡದ ಫೈಲ್ ಒಂದು ಕಾಪಿ ಆಗುತ್ತಿರುವಾಗಲೇ ಗೋಡೆಯ ಸ್ವಿಚ್ ಆರಿಸಿ. ಡಿಸ್ಕ್ ಕಳಚಿಕೊಂಡರೆ, ಚಾರ್ಜರ್ ಹಾಕಲು ಬೇರೆ ಪೋರ್ಟೂ ಇಲ್ಲದಿದ್ದರೆ, ಆ ಹಬ್ಬನ್ನು ಹಿಂದಿರುಗಿಸಿ.