ಸ್ನಾನ ನೀವೇ ಮಾಡುತ್ತೀರಾ ಎಂದು ಕೇಳಿದರೆ ನಿಜ ಹೇಳಿ

ಪಿಟಿಎಸ್‌ಡಿ (ಭೀಕರ ಘಟನೆಯೊಂದರ ನಂತರ ಕಾಡುವ ಮಾನಸಿಕ ಕಾಯಿಲೆ) ಎಂದು ಬರೆದ ಚೀಟಿ ಹಿಡಿದು ಅಂಗವೈಕಲ್ಯ ಪ್ರಮಾಣಪತ್ರಕ್ಕೆ ನಮ್ಮಂಥ ವೈದ್ಯರ ಬಳಿ ಬರುವವರಲ್ಲಿ ಹಲವರಿಗೆ ಯಾರೋ ಮೊದಲೇ ಪಾಠ ಒಪ್ಪಿಸಿ ಕಳುಹಿಸಿರುತ್ತಾರೆ. ಡಾಕ್ಟರು ಏನು ಕೇಳಿದರೂ 'ಆಗುವುದಿಲ್ಲ' ಎನ್ನಬೇಕು, ಅಷ್ಟೇ. ಸ್ನಾನ? ಆಗುವುದಿಲ್ಲ. ಊಟ? ಹೆಂಡತಿ ತಿನ್ನಿಸಬೇಕು. ಬರೆಯಲು? ಮರೆತುಹೋಗಿದೆ. ಅದೇ ಮನುಷ್ಯ ಸ್ವಲ್ಪ ಮುಂಚೆ ಹೊರಗಿನ ನೋಂದಣಿ ಪುಸ್ತಕದಲ್ಲಿ ಒತ್ತಿ ಬರೆದ ಅಂದವಾದ ಸಹಿ ನಮ್ಮ ಮೇಜಿನ ಮೇಲೇ ಇರುತ್ತದೆ.

ಇಂಥವರೆಲ್ಲ ನಾಟಕದವರು ಎಂದುಕೊಳ್ಳಬೇಡಿ. ನನಗೆ ಸಿಟ್ಟು ಬರುವುದೇ ಅದಕ್ಕೆ: ಎಷ್ಟೋ ಸಲ ಕಾಯಿಲೆ ಅಪ್ಪಟ ನಿಜ, ಸುಳ್ಳು ಮಾತ್ರ ಎರವಲು.

ಒಬ್ಬ ಬಸ್ ಚಾಲಕರ ಸಂಗತಿ ಹೇಳುತ್ತೇನೆ. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ಕರ್ತವ್ಯದಲ್ಲಿದ್ದಾಗ ಬೈಕ್ ಸವಾರನೊಬ್ಬ ಅವರ ಬಸ್ಸಿನ ಚಕ್ರಕ್ಕೆ ಸಿಕ್ಕು ತೀರಿಕೊಂಡಿದ್ದ. ನಮ್ಮ ಮುಂದೆ ಅವರೂ ಪಾಠ ಒಪ್ಪಿಸಿದರು. ಮಾತಿನ ನಡುವೆ ಹೊರಗೆ ರಸ್ತೆಯಲ್ಲಿ ಲಾರಿಯ ಹಾರ್ನ್ ಕೇಳಿಸಿದಾಗಲೆಲ್ಲ ಅವರ ಬಲಗಾಲು ಚಪ್ಪಲಿ ಸಮೇತ ನೆಲವನ್ನು ಒತ್ತಿ ಹಿಡಿಯುತ್ತಿತ್ತು. ಅದು ಅವರ ಗಮನದಲ್ಲೇ ಇರಲಿಲ್ಲ. ಹೆಂಡತಿಯನ್ನು ಬೇರೆಯಾಗಿ ಕೂರಿಸಿ ಕೇಳಿದೆ. "ಸ್ನಾನ, ಊಟ ಎಲ್ಲ ಅವರೇ ಮಾಡಿಕೊಳ್ಳುತ್ತಾರೆ ಸಾರ್. ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತರೂ ಬ್ರೇಕ್ ಒತ್ತುತ್ತಲೇ ಇರುತ್ತಾರೆ. ಮಗಳನ್ನು ಶಾಲೆಗೆ ಬಿಡಲು ದೊಡ್ಡ ರಸ್ತೆ ಬಿಟ್ಟು ಸುತ್ತುಬಳಸಿ ಹೋಗುತ್ತಾರೆ" ಎಂದರು. ಗಂಡ ಹೇಳಬೇಕಾದದ್ದು ಇದೇ ಆಗಿತ್ತು. ಅವರು ಇದರಲ್ಲಿ ಒಂದನ್ನೂ ಹೇಳಿರಲಿಲ್ಲ, ಏಕೆಂದರೆ ಪಾಠದಲ್ಲಿ ಅದಿರಲಿಲ್ಲ.

ಈ ಪಾಠದ ಮೂಲ 40 ಎಂಬ ಅಂಕಿ. ಇದನ್ನು ಬಿಡಿಸಿ ಹೇಳಿ ಹೇಳಿ ಸಾಕಾಗಿದೆ, ಆದರೂ ಇನ್ನೊಮ್ಮೆ ಹೇಳುತ್ತೇನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಮೀಸಲಾತಿಯಂಥ ಸೌಲಭ್ಯಗಳಿಗೆ ಕನಿಷ್ಠ ಶೇ 40 ವೈಕಲ್ಯ ಇರಬೇಕು. ಮನೋರೋಗದಲ್ಲಿ ಅದನ್ನು ಅಳೆಯುವುದು 'ಐಡಿಯಾಸ್' ಎಂಬ ಮಾಪಕದಿಂದ. ಸ್ವಂತ ಆರೈಕೆ, ಜನರೊಡನೆ ಒಡನಾಟ, ಸಂವಹನ ಮತ್ತು ಗ್ರಹಿಕೆ, ಕೆಲಸ: ನಾಲ್ಕಕ್ಕೂ 0ಯಿಂದ 4ರವರೆಗೆ ಅಂಕ, ತೊಂದರೆ ಹೆಚ್ಚಿದಷ್ಟೂ ಅಂಕ ಹೆಚ್ಚು. ಕಾಯಿಲೆಯ ಅವಧಿಗೆ ಇನ್ನಷ್ಟು ಸೇರುತ್ತದೆ. ಒಟ್ಟು 7 ಆದರೆ ಶೇ 40ರ ಗೆರೆ. ಚಾಲಕರಿಗೆ ಕೆಲಸದ ಅಂಶದಲ್ಲಿ ಪೂರ್ತಿ 4 ಕೊಟ್ಟರೂ, ಉಳಿದವು ಸೊನ್ನೆ, ಒಂದರ ಆಸುಪಾಸಿನಲ್ಲಿದ್ದರೆ 7 ಮುಟ್ಟದೇ ಹೋಗಬಹುದು. ಮಾಪಕವು ಇಡೀ ಬದುಕನ್ನು ನೋಡುತ್ತದೆ, ಸ್ಟಿಯರಿಂಗ್ ಒಂದನ್ನೇ ಅಲ್ಲ.

ಆದರೆ ಕೆಲಸದಲ್ಲಿ ಆದ ಹಾನಿಗೆ ಪರಿಹಾರ ಕೇಳುವವರು ಈ ಗೆರೆಯನ್ನೇ ಹಿಡಿದು ಜಗ್ಗಬೇಕಾಗಿಲ್ಲ. 1923ರ ನೌಕರರ ಪರಿಹಾರ ಕಾಯ್ದೆ ಕೇಳುತ್ತಿದ್ದದ್ದು ಗಳಿಸುವ ಸಾಮರ್ಥ್ಯ ಎಷ್ಟು ಕುಗ್ಗಿತು ಎಂದು; 2025ರ ನವೆಂಬರ್‌ನಿಂದ ಅದರ ಜಾಗಕ್ಕೆ ಬಂದಿರುವ ಸಾಮಾಜಿಕ ಭದ್ರತಾ ಸಂಹಿತೆ ಕೇಳುವುದೂ ಅದನ್ನೇ. ಎಡಗೈ ಕಳೆದುಕೊಂಡ ಬಡಗಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1975ರಲ್ಲೇ ಇದನ್ನು ಸ್ಪಷ್ಟಪಡಿಸಿದೆ: ಒಂದೇ ಕೈಯಲ್ಲಿ ಮರಗೆಲಸ ಸಾಧ್ಯವಿಲ್ಲ, ಆದ್ದರಿಂದ ನಷ್ಟ ನೂರಕ್ಕೆ ನೂರು. ಕೈ ಹೋದದ್ದು ಗುಮಾಸ್ತರದ್ದಾಗಿದ್ದರೆ ಲೆಕ್ಕ ಬೇರೆ. ಹಾಗೆಯೇ ಐಡಿಯಾಸ್‌ನಲ್ಲಿ ಕಡಿಮೆ ಅಂಕ ಬಿದ್ದ ಚಾಲಕ, ಚಾಲಕನಾಗಿ ಪೂರ್ತಿ ಅಸಮರ್ಥನಾಗಿರಬಹುದು. ಎರಡೂ ಒಟ್ಟಿಗೆ ನಿಜ.

ಇಲ್ಲೊಂದು ಎಚ್ಚರಿಕೆ. ಹಳೆಯ ಪರಿಹಾರ ಕಾಯ್ದೆಯ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿ ಪಿಟಿಎಸ್‌ಡಿ ಇರಲಿಲ್ಲ, ಸಂಹಿತೆಯ ಪಟ್ಟಿಯಲ್ಲೂ ಇಲ್ಲ. ಮನಸ್ಸಿಗಾದ ಪೆಟ್ಟು ಅಪಘಾತದ 'ಗಾಯ' ಹೌದೋ ಅಲ್ಲವೋ ಎಂಬುದು ಪರಿಹಾರ ತೀರ್ಮಾನಿಸುವ ಅಧಿಕಾರಿಯ ಮುಂದೆ ವಾದವಾಗಬೇಕಾದ ಪ್ರಶ್ನೆ, ನಾನು ವಕೀಲನಲ್ಲ. ಸರ್ಕಾರಿ ಸಂಸ್ಥೆಯ ನೌಕರರಿಗೆ 2016ರ ಕಾಯ್ದೆಯ 20ನೇ ಸೆಕ್ಷನ್ ಇನ್ನೊಂದು ದಾರಿ ಕೊಡುತ್ತದೆ: ಸೇವೆಯಲ್ಲಿದ್ದಾಗ ವೈಕಲ್ಯ ಬಂದವರನ್ನು ತೆಗೆದುಹಾಕುವಂತಿಲ್ಲ, ಹಾಲಿ ಹುದ್ದೆ ಆಗದಿದ್ದರೆ ಅದೇ ವೇತನ ಶ್ರೇಣಿಯಲ್ಲಿ ಬೇರೆ ಹುದ್ದೆಗೆ ಹಾಕಬೇಕು. ನನ್ನ ಅನುಭವದಲ್ಲಿ ಬಹಳಷ್ಟು ಚಾಲಕರಿಗೆ ಬೇಕಾದದ್ದೂ ಅಷ್ಟೇ, ಡಿಪೋದಲ್ಲಿ ಒಂದು ಕುರ್ಚಿ. ಅದನ್ನು ಕೇಳುವ ಬದಲು ಸ್ನಾನ ಬರುವುದಿಲ್ಲ ಎಂದು ಕೂರುತ್ತಾರೆ!

ಒಂದು ಸುಳ್ಳು ಸಿಕ್ಕಿಬಿದ್ದರೆ ನಿಜ ಹೇಳಿದ ಹತ್ತು ಮಾತಿಗೂ ಅದರ ಮಸಿ ಹತ್ತುತ್ತದೆ. ಎದುರು ಪಕ್ಷದ ವಕೀಲರು ಪಾಟೀಸವಾಲಿನಲ್ಲಿ ಹಿಡಿಯುವುದು ಅದನ್ನೇ. ದುಃಸ್ವಪ್ನ, ಬೆಚ್ಚಿಬೀಳುವುದು ಇವನ್ನು ಬಾಯಿಪಾಠದಂತೆ ಒಪ್ಪಿಸುವುದೂ ಅನುಮಾನಕ್ಕೆ ದಾರಿ. ಕಾಯಿಲೆಯವರು ಸಾಮಾನ್ಯವಾಗಿ ಘಟನೆಯ ಮಾತು ಬಂದರೆ ತಪ್ಪಿಸಿಕೊಳ್ಳುತ್ತಾರೆ, ಎಳೆದು ಹೇಳಿಸಬೇಕಾಗುತ್ತದೆ.

ಬರುವಾಗ ಮೊದಲ ಹೊರರೋಗಿ ಚೀಟಿ ತನ್ನಿ; ಅದರ ಮೇಲಿನ ದಿನಾಂಕಕ್ಕೆ ಯಾವ ಹೊಸ ಪತ್ರಕ್ಕೂ ಇಲ್ಲದ ಬೆಲೆಯಿದೆ. ಎಫ್‌ಐಆರ್ ಪ್ರತಿ, ಘಟನೆಗೆ ಹಿಂದಿನ ಮತ್ತು ಮುಂದಿನ ರಜೆಯ ದಾಖಲೆ, ಜೊತೆಗೆ ಮನೆಯವರೊಬ್ಬರು ಇರಲಿ. ನಿಮಗೆ ಚಿಕಿತ್ಸೆ ಕೊಡುವ ವೈದ್ಯರನ್ನೇ ಶೇಕಡಾವಾರು ಬರೆದುಕೊಡಿ ಎಂದು ಪೀಡಿಸಬೇಡಿ. ಅವರು ನಿಮ್ಮ ಪರ ಇರಬೇಕಾದವರು, ತೂಗುವವರು ಬೇರೆಯವರಾಗಿರುವುದೇ ಒಳ್ಳೆಯದು. ವಕೀಲ ಮಿತ್ರರಲ್ಲಿ ಒಂದು ಬೇಡಿಕೆ: ಕೋರಿಕೆ ಪತ್ರದಲ್ಲಿ 'ಶೇಕಡಾ ಎಷ್ಟು' ಎಂದಷ್ಟೇ ಬರೆದು ಕಳುಹಿಸಬೇಡಿ. ನಿಮ್ಮ ಕಕ್ಷಿದಾರರ ಹುದ್ದೆ ಯಾವುದು, ಪಾಳಿ ಎಷ್ಟು ಗಂಟೆ, ಅದರಲ್ಲಿ ಅವರು ಏನೇನು ಮಾಡಬೇಕಿತ್ತು ಎಂಬುದನ್ನು ಬರೆಯಿರಿ. ಈಗ ಅವುಗಳಲ್ಲಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ನಮ್ಮನ್ನು ಕೇಳಿ.