ಚೌಕ ಯಾಕೆ ವಾಲುತ್ತದೆ?

ನಾಲ್ಕನೇ ಕ್ಲಾಸಿನ ಮಕ್ಕಳಿಗೆ ವಿಜ್ಞಾನ ಸಂಘ ಶುರು ಮಾಡಬೇಕೇ? ಮೊದಲು ಸೈಕಲ್ ಅಂಗಡಿಗೆ ಹೋಗಿ ಒಂದಿಷ್ಟು ವಾಲ್ವ್ ಟ್ಯೂಬ್, ಅಂದರೆ ಚಕ್ರದ ವಾಲ್ವ್‌ಗೆ ತೊಡಿಸುವ ತೆಳು ರಬ್ಬರ್ ಕೊಳವೆ, ತನ್ನಿ. ಜೊತೆಗೆ ಎರಡು ಬೆಂಕಿಪೊಟ್ಟಣ. ಕಿಟ್ ಬರಲಿ, ಲ್ಯಾಬ್ ಆಗಲಿ ಅಂತ ಕಾಯಬೇಕಿಲ್ಲ.

ಇವೆರಡನ್ನೂ ಜೋಡಿಸಿ ಆಟಿಕೆ ಮಾಡುವುದನ್ನು ದೇಶಕ್ಕೆಲ್ಲ ತೋರಿಸಿಕೊಟ್ಟವರು ಅರವಿಂದ ಗುಪ್ತಾ. ಕಾನ್ಪುರ ಐಐಟಿಯಲ್ಲಿ ಓದಿ, ಪುಣೆಯ ಟೆಲ್ಕೋದಲ್ಲಿ (ಈಗಿನ ಟಾಟಾ ಮೋಟಾರ್ಸ್) ಎಂಜಿನಿಯರ್ ಆಗಿದ್ದವರು. 1978ರಲ್ಲಿ ರಜೆ ಹಾಕಿ ಮಧ್ಯಪ್ರದೇಶದ ಹೋಶಂಗಾಬಾದಿಗೆ ಹೋದರು. ಮಕ್ಕಳು ಕೈಯಾರೆ ಪ್ರಯೋಗ ಮಾಡಿ ವಿಜ್ಞಾನ ಕಲಿಯುವ ಕೆಲಸ ಅಲ್ಲಿ 1972ರಲ್ಲಿ, 16 ಶಾಲೆಗಳಲ್ಲಿ ಶುರುವಾಗಿತ್ತು. ಅದು ಮಾಧ್ಯಮಿಕ ತರಗತಿಗಳಿಗೆ. ಆದರೆ ಬೆಂಕಿಕಡ್ಡಿಯ ಆಟ ಇನ್ನೂ ಚಿಕ್ಕ ಕೈಗಳಿಗೂ ಒಗ್ಗುತ್ತದೆ.

ಕಡ್ಡಿಯ ಮದ್ದನ್ನು ದೊಡ್ಡವರೇ ಕೆರೆದು ತೆಗೆಯಲಿ. ಟ್ಯೂಬನ್ನು ಒಂದೂವರೆ ಸೆಂಟಿಮೀಟರಿನ ತುಂಡು ಮಾಡಿ. ತುಂಡಿನ ಎರಡೂ ಬಾಯಿಗೆ ಒಂದೊಂದು ಕಡ್ಡಿ ತೂರಿಸಿದರೆ ಬಾಗುವ ಕೀಲು ಸಿದ್ಧ.

ಈಗ ಮಕ್ಕಳಿಗೆ ಚೌಕ ಮಾಡಲು ಹೇಳಿ. ಸ್ವಲ್ಪ ಒತ್ತಿದರೆ ಸಾಕು, ವಾಲುತ್ತದೆ. ಐದು ಕಡ್ಡಿ ಹಾಕಿದರೆ ಇನ್ನೂ ಜಾಸ್ತಿ ಅಲ್ಲಾಡುತ್ತದೆ. ತ್ರಿಕೋನ ಮಾತ್ರ ಜಗ್ಗುವುದಿಲ್ಲ. ಮೂರು ಬದಿಗಳ ಉದ್ದ ಗೊತ್ತಾದರೆ ತ್ರಿಕೋನಕ್ಕೆ ಇರುವುದು ಒಂದೇ ಆಕಾರ. ಚೌಕದಲ್ಲಿ ಹಾಗಲ್ಲ, ಬದಿಗಳು ಅಷ್ಟೇ ಇದ್ದರೂ ಮೂಲೆಗಳು ಹಿಗ್ಗಿ ಕುಗ್ಗಬಹುದು. ಹೈಟೆನ್ಷನ್ ಕಂಬ, ಕ್ರೇನು, ರೈಲ್ವೆ ಸೇತುವೆಯ ಕಬ್ಬಿಣದ ಚೌಕಟ್ಟು, ಎಲ್ಲದರಲ್ಲೂ ತ್ರಿಕೋನ ತುಂಬಿರುವುದು ಇದಕ್ಕೇ.

ಇದನ್ನೆಲ್ಲ ಮೊದಲೇ ಹೇಳಿಬಿಟ್ಟರೆ ಸಂಘ ಇನ್ನೊಂದು ಪಾಠದ ಪೀರಿಯಡ್ ಆಗುತ್ತದೆ, ಅಲ್ವಾ? "ಚೌಕವನ್ನು ಗಟ್ಟಿ ಮಾಡಿ" ಅಂತಷ್ಟೇ ಹೇಳಿ ಬಿಡಿ. ಯಾರೋ ಒಬ್ಬರಿಗೆ ಮೂಲೆಯಿಂದ ಮೂಲೆಗೆ ಕಡ್ಡಿ ಇಡಬೇಕೆಂದು ಹೊಳೆಯುತ್ತದೆ. ಇಟ್ಟು ನೋಡಿದರೆ ಕಡ್ಡಿ ಮುಟ್ಟುವುದೇ ಇಲ್ಲ! ಆ ದೂರ ಬದಿಯ ಸುಮಾರು 1.4 ಪಟ್ಟು. ಪೊರಕೆಕಡ್ಡಿ ಹುಡುಕುತ್ತಾರೆ, ಅಳೆಯುತ್ತಾರೆ, ಮುರಿಯುತ್ತಾರೆ, ಮತ್ತೆ ಅಳೆಯುತ್ತಾರೆ. ಎಂಜಿನಿಯರಿಂಗ್ ಅಂದರೆ ಇದೇ. ಅಪ್ಪ-ಅಮ್ಮ ರಾತ್ರಿ ಕೂತು ಅಂಟಿಸಿಕೊಟ್ಟ ಥರ್ಮಕೋಲ್ ಮಾಡೆಲ್‌ಗಿಂತ ಮಗುವೇ ಕಟ್ಟಿದ ಈ ಸೊಟ್ಟ ಚೌಕಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಮುಂದಿನ ವಾರ ಘನ ಕಟ್ಟಿಸಿ. ಟ್ಯೂಬಿನ ನಡುವೆ ಮುಳ್ಳಿನಿಂದ ತೂತು ಮಾಡಿದರೆ ಮೂರನೇ ಕಡ್ಡಿಯೂ ಕೂರುತ್ತದೆ. 12 ಕಡ್ಡಿಯ ಘನ ಕೈಬಿಟ್ಟ ಕೂಡಲೇ ಕುಸಿಯುತ್ತದೆ. ಅದು ನಿಲ್ಲಲು ಇನ್ನೂ 6 ಓರೆಕಡ್ಡಿ ಬೇಕು, ಮುಖಕ್ಕೊಂದು. ಅವನ್ನು ಮೂಲೆಗಳಿಗೆ ದಾರದಿಂದ ಬಿಗಿಯಾಗಿ ಕಟ್ಟಿದರಾಯಿತು. ಆ 6ರ ಲೆಕ್ಕವನ್ನು ಮಾತ್ರ ಮೇಷ್ಟ್ರು ಬಾಯಿಬಿಡಬಾರದು.